ಡೊಂಬಿವಲಿ ಬಿಟ್ಟು ಕಲ್ಯಾಣಕ್ಕೆ ಹೋದೆ ಮೇಡಂ!

ಪ್ರಶ್ನೆ (ಗ್ರೂಪಿನ ಡೊಂಬಿವಲಿ ಸದಸ್ಯೆ):
ಮೇಡಂ ನಮಸ್ಕಾರ. ಮುಂಬೈ ಫೋರ್ಟ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಮೊನ್ನೆ ಸಂಜೆ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ರೈಲು ಹಿಡಿದೆ. ಒಂದು ಕಡೆ ಬಾಸ್‌ಗೆ ಮೇಲ್, ಇನ್ನೊಂದು ಕಡೆ ಮಗ ಕಳಿಸಿದ ಗಣಿತದ ಫೋಟೋ, ನಡುವೆ ಸಂಘದ ರಾಜ್ಯೋತ್ಸವದ ಲಿಸ್ಟ್. ತಲೆ ಎತ್ತಿದರೆ ಗಾಡಿ ಡೊಂಬಿವಲಿ ದಾಟಿತ್ತು. ಕಲ್ಯಾಣದಲ್ಲಿ ಇಳಿದು ವಾಪಸ್ ಬಂದೆ. ಆ ಗಡಿಬಿಡಿಯಲ್ಲಿ ಅತ್ತೆಯ ಬಿಪಿ ಮಾತ್ರೆ ತರುವುದನ್ನೇ ಮರೆತೆ. ಮೇಲ್‌ನಲ್ಲೂ ತಪ್ಪು. ಎಲ್ಲರೂ ನಾಲ್ಕು ಕೆಲಸ ಒಟ್ಟಿಗೆ ಮಾಡುತ್ತಾರೆ, ನನಗೆ ಮಾತ್ರ ಯಾಕೆ ಆಗುವುದಿಲ್ಲ?

ಉತ್ತರ (ಆಪ್ತ ಸಮಾಲೋಚಕಿ):
ಯಾರಿಗೂ ಆಗುವುದಿಲ್ಲ. ನಿಮ್ಮ ಲೇಡೀಸ್ ಡಬ್ಬದಲ್ಲೇ ನೋಡಿ, ಮೆಂತ್ಯ ಸೊಪ್ಪು ಬಿಡಿಸುತ್ತಾ ಹರಟೆ ಹೊಡೆಯುವವರು ಇರುತ್ತಾರೆ ಅಲ್ವಾ? ಸೊಪ್ಪು ಬಿಡಿಸಲು ಕೈ ಸಾಕು, ತಲೆ ಬೇಡ. ಅವರಿಗೇ ಯಾರಾದರೂ ಫೋನ್ ಮಾಡಿ ಚೀಟಿ ದುಡ್ಡಿನ ಲೆಕ್ಕ ಕೇಳಲಿ, ಕೈ ನಿಂತುಬಿಡುತ್ತದೆ. ತಲೆ ಬೇಕಾದ ಎರಡು ಕೆಲಸ ಒಂದೇ ಹೊತ್ತಿಗೆ ನಡೆಯುವುದಿಲ್ಲ. ಮನಸ್ಸು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾರುತ್ತಿರುತ್ತದೆ. ಹಾರುವಾಗ ಹಿಂದಿನ ಕೆಲಸದ ಜಿಡ್ಡು ಅಂಟಿಕೊಂಡೇ ಬರುತ್ತದೆ. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು.

2018ರಲ್ಲಿ ಅವರೇ ಇನ್ನೊಬ್ಬರ ಜತೆ ಸೇರಿ ಮದ್ದನ್ನೂ ಹೇಳಿದರು. ಕೆಲಸ ಅರ್ಧಕ್ಕೆ ಬಿಡಬೇಕಾದಾಗ, ಎಲ್ಲಿಗೆ ನಿಂತಿತು, ಮುಂದೆ ಏನು ಎಂದು ಚುಟುಕಾಗಿ ಬರೆದಿಡುವುದು. ‘ವೋಚರ್ 14 ಮುಗಿಯಿತು, ನಾಳೆ 15ರಿಂದ’. ಅಷ್ಟು ಬರೆದರೆ ಸಾಕು, ಮನಸ್ಸು ಅದನ್ನು ಕೆಳಗಿಳಿಸುತ್ತದೆ.

ಆದರೆ ಯಾವುದನ್ನು ಮೊದಲು ಹಿಡಿಯಬೇಕು? ಟಿಡಿಎಸ್, ಅಂದರೆ ಸಂಬಳ, ಬಿಲ್ಲುಗಳಲ್ಲಿ ಹಿಡಿದಿಟ್ಟ ತೆರಿಗೆ, ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕಟ್ಟದಿದ್ದರೆ ತಿಂಗಳಿಗೆ ಶೇ. 1.5 ಬಡ್ಡಿ ಬೀಳುತ್ತದೆ. ಅದಕ್ಕೇ ಅದನ್ನು ನೀವು ಮರೆಯುವುದಿಲ್ಲ. ಮಗನ ಜತೆ ಕೂರದಿದ್ದರೆ ಯಾವ ಇಲಾಖೆಯೂ ನೋಟಿಸ್ ಕಳಿಸುವುದಿಲ್ಲ. ನೋಟಿಸ್ ಬಾರದ ಇಂಥ ಕೆಲಸಗಳನ್ನೇ ಮೊದಲು ಬರೆಯಿರಿ, ಅವಕ್ಕೊಂದು ಹೊತ್ತು ಇಡಿ. ಬಾಸ್‌ಗೆ ಮೇಲ್ ಬೆಳಗ್ಗೆ ಹೋದರೂ ನಡೆಯುತ್ತದೆ. ಅತ್ತೆಯ ಮಾತ್ರೆ ಹಾಗಲ್ಲ.

ಮರೆವು ತುಂಬಾ ದಿನದಿಂದ ಇದ್ದರೆ ಡಾಕ್ಟರ ಹತ್ತಿರ ಥೈರಾಯ್ಡ್, ಬಿ12 ನೋಡಿಸಿ. ನಿದ್ದೆ ಎಷ್ಟಾಗುತ್ತಿದೆ ಎಂದೂ ಲೆಕ್ಕ ಹಾಕಿ. ಎಲ್ಲವನ್ನೂ ಸುಮ್ನೆ ಮನಸ್ಸಿನ ತಲೆಗೆ ಕಟ್ಟಬಾರದು.

ಅದೇ ಸದಸ್ಯೆ:
ಸಂಘದವರಿಗೆ ಇಲ್ಲ ಅನ್ನುವುದು ಹೇಗೆ ಮೇಡಂ? ಬೇಜಾರು ಮಾಡಿಕೊಳ್ಳುತ್ತಾರೆ.

ಆಪ್ತ ಸಮಾಲೋಚಕಿ:
ಮಾಡಿಕೊಳ್ಳಲಿ. ಎರಡು ದಿನ ಇರುತ್ತದೆ ಅಷ್ಟೇ. ‘ನೋಡೋಣ’ ಅಂದು ಕೊನೆಗೆ ಕೈಕೊಟ್ಟರೆ ಬೇಜಾರು ಜಾಸ್ತಿ. ‘ಈ ಸಲ ಸ್ಟೇಜ್ ಬೇಡ, ಊಟದ ಲೆಕ್ಕ ಮಾತ್ರ ನೋಡಿಕೊಳ್ಳುತ್ತೇನೆ’ ಎಂದು ಇವತ್ತೇ ಹೇಳಿಬಿಡಿ.

ಠಾಣೆಯ ಹಿರಿಯ ಸದಸ್ಯೆ:
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಬಾಸ್, ಮಗ, ಅತ್ತೆ, ಸಂಘ ಎಲ್ಲ ಬಂತು. ಯಜಮಾನರ ಸುದ್ದಿಯೇ ಇಲ್ಲವಲ್ಲಮ್ಮ?

ಅದೇ ಸದಸ್ಯೆ:
ಅವರು ಇದೇ ಗ್ರೂಪಿನಲ್ಲಿ ಇದ್ದಾರೆ ಅಕ್ಕ. ಓದಲಿ.

ಡೊಂಬಿವಲಿಯ ಸದಸ್ಯ:
ಓದಿದೆ. ಅಮ್ಮನ ಮಾತ್ರೆ ಇನ್ನು ಮೇಲೆ ನಾನೇ ತರುತ್ತೇನೆ. ಡಾಕ್ಟರ ಚೀಟಿ ಎಲ್ಲಿಟ್ಟಿದ್ದೀಯಾ?