ಭಾನುವಾರದ ಪ್ರಶ್ನೋತ್ತರ: ಗಾಡಿ ಮೇಲೆ ಸೋಲಾರ್ ಹಾಕಿಸಬಹುದಾ?

ಗ್ರೂಪ್ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ಸೋಲಾರ್ ಗಾಡಿಗಳ ಬಗ್ಗೆ ಕೇಳಿ. ಉತ್ತರ ಕೊಡುವವರು ಗೋಕುಲ ರಸ್ತೆಯ ನಮ್ಮ ಬ್ಯಾಟರಿ ಮೇಡಂ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಬೇಡ.

ಕೇಶ್ವಾಪುರದ ಸ್ಕೂಟರ್ ಅಕ್ಕ: ಮೇಡಂ, ನನ್ನ ಎಲೆಕ್ಟ್ರಿಕ್ ಸ್ಕೂಟರ್ ಆಫೀಸ್ ಮುಂದೆ ದಿನವಿಡೀ ಬಿಸಿಲಲ್ಲೇ ನಿಂತಿರುತ್ತದೆ. ಅದಕ್ಕೇ ಒಂದು ಪ್ಯಾನೆಲ್ ಕೂರಿಸಿದರೆ ಚಾರ್ಜ್ ಹಾಕೋ ತಾಪತ್ರಯವೇ ಇರಲ್ಲ ಅಲ್ವಾ?

ಬ್ಯಾಟರಿ ಮೇಡಂ: ಇರುತ್ತದೆ. ಲೆಕ್ಕ ನೋಡಿ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್. ಒಳ್ಳೆಯ ಪ್ಯಾನೆಲ್ ಅದರಲ್ಲಿ ಐದನೇ ಒಂದು ಪಾಲು ಹಿಡಿಯುತ್ತದೆ, ಅಂದರೆ 200 ವ್ಯಾಟ್. ಸ್ಕೂಟರ್ ಮೇಲೆ ಕಾಲು ಚದರ ಮೀಟರ್ ಜಾಗ ಸಿಕ್ಕರೆ ದೊಡ್ಡದು. 50 ವ್ಯಾಟ್ ಆಯಿತು. ಬೆಳಗಿನ, ಸಂಜೆಯ ಬಿಸಿಲು ಎಲ್ಲ ಕೂಡಿಸಿ ದಿನಕ್ಕೆ ನಾಲ್ಕು ತಾಸಿನ ಪೂರ್ತಿ ಬಿಸಿಲು ಅಂತ ಹಿಡಿದರೆ 200 ವ್ಯಾಟ್-ಅವರ್. ಸ್ಕೂಟರ್ ಒಂದು ಕಿಲೋಮೀಟರಿಗೆ 30 ತಿನ್ನುತ್ತದೆ. ಆರೇಳು ಕಿಲೋಮೀಟರ್ ಬಂತು.

ಅದರ ಬದಲು ಪ್ಯಾನೆಲ್ ಮನೆ ಮೇಲೆ ಹಾಕಿಸಿ. 1 ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ 4000 ವ್ಯಾಟ್-ಅವರ್ ಕೊಡುತ್ತದೆ. ಚಾರ್ಜರ್‌ನಲ್ಲಿ ಸೋರಿದ್ದು ಬಿಟ್ಟರೂ ನಿಮ್ಮ ಸ್ಕೂಟರ್ ನೂರು ಕಿಲೋಮೀಟರ್ ಓಡುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000 ರೂಪಾಯಿ ಸಬ್ಸಿಡಿ ಇದೆ. 3 ಅಥವಾ ಜಾಸ್ತಿ ಆದರೆ ಒಟ್ಟು 78,000. ಸ್ಕೂಟರನ್ನು ನೆರಳಲ್ಲಿ ನಿಲ್ಲಿಸಿ. ಬ್ಯಾಟರಿಗೆ ಬಿಸಿಲು ಆಗಿಬರಲ್ಲ.

ಪಿಯುಸಿ ಹುಡುಗ, ಧಾರವಾಡ: ಮೇಡಂ, ಕಾಲೇಜಿನಲ್ಲಿ ಮಾಡೆಲ್ ಮಾಡಬೇಕು. ಸೋಲಾರ್ ಕಾರು ಹೇಗೆ ಓಡುತ್ತದೆ, ಮೊದಲು ಮಾಡಿದ್ದು ಯಾರು?

ಬ್ಯಾಟರಿ ಮೇಡಂ: ಬಿಸಿಲು ಸಿಲಿಕಾನ್ ಮೇಲೆ ಬಿದ್ದರೆ ಒಳಗಿನ ಎಲೆಕ್ಟ್ರಾನ್ ಸಡಿಲ ಆಗಿ ಒಂದೇ ದಿಕ್ಕಿಗೆ ಹರಿಯುತ್ತದೆ. ಅದು ಡಿಸಿ ಕರೆಂಟ್. ಮೋಡ ಬಂದಾಗ, ಹೋದಾಗ ಅದು ಏರಿಳಿಯುತ್ತದೆ. ಎಂಪಿಪಿಟಿ ಅನ್ನುವ ಡಬ್ಬಿ ಗಳಿಗೆಗಳಿಗೆಗೂ ವೋಲ್ಟ್, ಆಂಪಿಯರ್ ತೂಗಿ ನೋಡಿ ಜಾಸ್ತಿ ವ್ಯಾಟ್ ಎಲ್ಲಿ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಬ್ಯಾಟರಿ, ಬ್ಯಾಟರಿಯಿಂದ ಕಂಟ್ರೋಲರ್, ಆಮೇಲೆ ಮೋಟಾರ್.

1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್‌ನವರು ತೋರಿಸಿದ ಸಿಲಿಕಾನ್ ಸೆಲ್ ಬಿಸಿಲಿನ ನೂರಕ್ಕೆ 6 ಪಾಲು ಮಾತ್ರ ಕರೆಂಟ್ ಮಾಡುತ್ತಿತ್ತು. ಮರುವರ್ಷ ಜನರಲ್ ಮೋಟರ್ಸ್‌ನ ವಿಲಿಯಂ ಕಾಬ್ ಶಿಕಾಗೋದಲ್ಲಿ ಸನ್‌ಮೊಬೈಲ್ ತೋರಿಸಿದರು. 15 ಇಂಚಿನ ಆಟಿಕೆ ಗಾಡಿ, ಮೇಲೆ 12 ಸೆಲೀನಿಯಂ ಸೆಲ್. ನಿನ್ನ ಮಾಡೆಲ್ ಅಷ್ಟೇ ದೊಡ್ಡದಾದರೂ ಸಾಕು, ನಾಚಿಕೆ ಏನಿಲ್ಲ. ಮನುಷ್ಯ ಕೂತು ದೂರ ಹೋದದ್ದು 1982ರ ಕೊನೆಗೆ. ಹ್ಯಾನ್ಸ್ ಥೋಲ್‌ಸ್ಟ್ರಪ್, ಲ್ಯಾರಿ ಪರ್ಕಿನ್ಸ್ ಇಬ್ಬರೂ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಡ್ನಿಗೆ, ಸುಮಾರು 4000 ಕಿಲೋಮೀಟರ್, 20 ದಿನಗಳಲ್ಲಿ ಮುಟ್ಟಿದರು.

1987ರಲ್ಲಿ ಅಲ್ಲೇ ಡಾರ್ವಿನ್‌ನಿಂದ ಅಡಿಲೇಡ್‌ಗೆ 3000 ಕಿಲೋಮೀಟರಿನ ಪಂದ್ಯ ಶುರುವಾಯಿತು. ಗೆದ್ದ ಸನ್‌ರೇಸರ್ ಸರಾಸರಿ ಗಂಟೆಗೆ 67 ಕಿಲೋಮೀಟರ್ ಓಡಿತು. ಅದರ ಪ್ಯಾನೆಲ್ ಕೊಟ್ಟದ್ದು ಹೆಚ್ಚೆಂದರೆ 1500 ವ್ಯಾಟ್, ಅಡುಗೆಮನೆಯ ಎರಡು ಮಿಕ್ಸಿಯಷ್ಟು. ಗುಟ್ಟು ಪ್ಯಾನೆಲ್‌ನಲ್ಲಿ ಇರಲಿಲ್ಲ. ಗಾಡಿ ಹಗುರ ಇತ್ತು, ಗಾಳಿ ಸೀಳಿಕೊಂಡು ಹೋಗೋ ಹಾಗೆ ಚಪ್ಪಟೆ ಇತ್ತು. ಮಾಡೆಲ್ ಮಾಡುವಾಗ ತೂಕ ಕಡಿಮೆ ಮಾಡು.

ಹಾವೇರಿಯ ರೈತ: ಮೇಡಂ, ಸೋಲಾರ್ ಟ್ರ್ಯಾಕ್ಟರ್ ಬರುತ್ತದಾ? ಡೀಸೆಲ್ ಹಾಕಿ ಹಾಕಿ ಸಾಕಾಗಿದೆ.

ಬ್ಯಾಟರಿ ಮೇಡಂ: 45 ಎಚ್‌ಪಿ ಅಂದರೆ 33 ಕಿಲೋವ್ಯಾಟ್ ಮೇಲೆ. ಅಷ್ಟನ್ನು ನೇರ ಬಿಸಿಲಿಂದ ತೆಗೆಯಲು 165 ಚದರ ಮೀಟರ್ ಪ್ಯಾನೆಲ್ ಬೇಕು. ಒಂದೂವರೆ ಗುಂಟೆಗಿಂತ ಜಾಸ್ತಿ! ಟ್ರ್ಯಾಕ್ಟರ್ ಮೇಲೆ ಹೊಲವನ್ನೇ ಹೊರಿಸಬೇಕಾಗುತ್ತದೆ. ಸೋಲಾರ್ ಪಂಪ್‌ಸೆಟ್ ಹಾಕಿಸಿ, ಅದು ನಿಜವಾಗಿ ನಡೆಯುತ್ತದೆ.

ನಿವೃತ್ತ ಮಾಸ್ತರು, ಧಾರವಾಡ: ಫಾರ್ವರ್ಡ್ ಬಂದಿದೆ, ಎಲ್ಲರ ಒಳ್ಳೆಯದಕ್ಕೆ ಹಾಕುತ್ತಿದ್ದೇನೆ. ಮುಂದಿನ ಚಕ್ರಕ್ಕೆ ಡೈನಮೋ ಹಾಕಿದರೆ ಗಾಡಿ ಓಡುತ್ತಾ ತಾನೇ ಚಾರ್ಜ್ ಆಗುತ್ತದೆಯಂತೆ. ಸೋಲಾರ್ ಕೂಡ ಬೇಡವಂತೆ. ಕಂಪನಿಗಳು ಮುಚ್ಚಿಟ್ಟಿವೆಯಂತೆ.

ಬ್ಯಾಟರಿ ಮೇಡಂ: ಯಾರೂ ಏನೂ ಮುಚ್ಚಿಟ್ಟಿಲ್ಲ ಸರ್. ಡೈನಮೋ ತಿರುಗಿಸಲು ಮೋಟಾರ್ ಜಾಸ್ತಿ ದುಡಿಯಬೇಕು. ಅದಕ್ಕೆ ತಿಂದದ್ದು ವಾಪಸ್ ಪೂರ್ತಿ ಬರಲ್ಲ. ಬ್ರೇಕ್ ಹಿಡಿದಾಗ, ಇಳಿಜಾರಿನಲ್ಲಿ ಸ್ವಲ್ಪ ಬರುತ್ತದೆ, ಅದನ್ನು ಈಗಿನ ಗಾಡಿಗಳು ಆಗಲೇ ಮಾಡುತ್ತಿವೆ.

ಬೆಟಗೇರಿ ಆಟೋ ಅಣ್ಣ: ನಮಸ್ಕಾರ್ರಿ ಮೇಡಂ. ನಂದು ಇ-ರಿಕ್ಷಾ. ಹೋದ ತಿಂಗಳು ಹಳೇ ಲೆಡ್ ಬ್ಯಾಟರಿ ತೆಗೆಸಿ ಲಿಥಿಯಂ ಹಾಕಿಸಿದೆ. ತಗಡಿನ ಮೇಲೆ 335 ವ್ಯಾಟ್ ಪ್ಯಾನೆಲ್ ಇದೆ. ಮಧ್ಯಾಹ್ನ ಬ್ಯಾಟರಿ ಡಬ್ಬಿ ಕೈ ಇಡಲಾರದಷ್ಟು ಕಾಯುತ್ತದೆ. ಗ್ರೂಪಿನಲ್ಲಿ ಓದಿ ಒದ್ದೆ ಗೋಣಿ ಚೀಲ ಹಾಕುತ್ತಿದ್ದೇನೆ. ಡಬ್ಬಿ ಸ್ವಲ್ಪ ಉಬ್ಬಿದೆ. ಚಾರ್ಜ್ ಏನೋ ಚೆನ್ನಾಗಿ ನಿಲ್ಲುತ್ತದೆ. ಏನೂ ತೊಂದರೆ ಇಲ್ವಲ್ಲಾ?

ಬ್ಯಾಟರಿ ಮೇಡಂ: ಅಣ್ಣಾ, ಗಾಡಿ ಈಗ ಎಲ್ಲಿದೆ? ಮೊದಲು ಅದನ್ನು ಹೇಳಿ. ಆಮೇಲೆ ಇಷ್ಟು ಬೇಕು: ಪ್ಯಾಕ್ ಮೇಲೆ 13ಎಸ್, 15ಎಸ್, 16ಎಸ್ ಅಂತ (ಒಳಗೆ ಎಷ್ಟು ಸೆಲ್ ಸಾಲಾಗಿವೆ ಅನ್ನುವ ಗುರುತು) ಏನಾದರೂ ಬರೆದಿದೆಯಾ? ಪ್ಯಾನೆಲ್ ಕಂಟ್ರೋಲರ್ ಹಳೆಯದೇನಾ? ಅದರ ವೈರ್ ಎಲ್ಲಿಗೆ ಹೋಗಿದೆ?

ಸಾವಿರ ಪ್ರಶ್ನೆಯ ಗೆಳೆಯ, ಹುಬ್ಬಳ್ಳಿ: ಮೇಡಂ, ಪೆಟ್ರೋಲ್ ಬೈಕಿಗೆ ಸೋಲಾರ್ ಹಾಕಬಹುದಾ?

ಬ್ಯಾಟರಿ ಮೇಡಂ: ಇಲ್ಲ.

ಸಾವಿರ ಪ್ರಶ್ನೆಯ ಗೆಳೆಯ, ಹುಬ್ಬಳ್ಳಿ: ಕಿಟ್ ಹಾಕಿಸಿದರೆ?

ಬ್ಯಾಟರಿ ಮೇಡಂ: ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಆರ್‌ಟಿಒದಲ್ಲಿ ಕೇಳಿ.

ಗದಗದ ವ್ಯಾಪಾರಿ: ಇದೆಲ್ಲ ಸುಮ್ನೆ. ಕರೆಂಟ್ ಬರೋದು ರಾಯಚೂರಿನ ಕಲ್ಲಿದ್ದಲಿನಿಂದ. ಬ್ಯಾಟರಿ ಗಾಡಿ ಓಡಿಸಿ ಪರಿಸರ ಉಳಿಸ್ತಾರಂತೆ.

ಮುಂಡರಗಿ ಹುಡುಗ: ಕಾಕಾ, ಗದಗದಲ್ಲಿದ್ದು ಕಪ್ಪತಗುಡ್ಡದ ಕಡೆ ಗಾಳಿ ಫ್ಯಾನ್ ನೋಡಿಲ್ವಾ? ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಇದೆ. ಅದೂ ಕಲ್ಲಿದ್ದಲಾ?

ಗದಗದ ವ್ಯಾಪಾರಿ: ರಾತ್ರಿ ಸೋಲಾರ್ ಎಲ್ಲಿರುತ್ತದೆ ತಮ್ಮಾ? ನೀನು ಗಾಡಿ ಚಾರ್ಜ್ ಹಾಕೋದು ರಾತ್ರಿ.

ಮುಂಡರಗಿ ಹುಡುಗ: ಹಗಲು ಹಾಕಿದರಾಯಿತು. ಮನೆ ಮೇಲೆ ಪ್ಯಾನೆಲ್ ಹಾಕಿಸಿ ಅಂತ ಮೇಡಂ ಮೇಲೆ ಹೇಳಿದ್ದಾರಲ್ಲ. ಓದೋಕೆ ಬರುತ್ತದಾ?

ಕೇಶ್ವಾಪುರದ ಸ್ಕೂಟರ್ ಅಕ್ಕ: ದೊಡ್ಡವರ ಜೊತೆ ಹೀಗಾ ಮಾತಾಡೋದು?

ಬೆಟಗೇರಿ ಆಟೋ ಅಣ್ಣ: ಗಾಡಿ ಮನೆಯೊಳಗೇ ಇದೆ ಮೇಡಂ. ಮಗ್ಗದ ಕೋಣೆಯಲ್ಲಿ. ಹೊರಗೆ ಇಟ್ಟರೆ ವೈರ್ ಕದಿಯುತ್ತಾರೆ. ಪ್ಯಾಕ್ ಮೇಲೆ 13ಎಸ್ ಅಂತಿದೆ. ಕಂಟ್ರೋಲರ್ ಹಳೆಯದೇ, ವೋಲ್ಟ್ ಏರಿಸಿ ಕೊಡುವ ಬೂಸ್ಟ್ ಮಾದರಿ. ಹೊಸ ಬ್ಯಾಟರಿ ಹಾಕಿದ ಮೇಲೆ ದಿನಾ ಮಧ್ಯಾಹ್ನ ಚಾರ್ಜ್ ತಾನೇ ನಿಂತುಬಿಡುತ್ತಿತ್ತು. ಮೆಕ್ಯಾನಿಕ್ ಒಳಗಿನ ಬಿಎಂಎಸ್ ಬೋರ್ಡ್ ತಪ್ಪಿಸಿ ನೇರ ಬ್ಯಾಟರಿಗೆ ವೈರ್ ಕೊಟ್ಟ. ಆಗಿನಿಂದ ನಿಂತಿಲ್ಲ.

ಬ್ಯಾಟರಿ ಮೇಡಂ: ಬೇರೆಯವರು ಹತ್ತು ನಿಮಿಷ ಸುಮ್ಮನಿರಿ.

ಅಣ್ಣಾ, ಇದು ಬೆಂಕಿ ಹತ್ತುವ ಜೋಡಣೆ. ನಿಮಗೆ ಕಾರಣ ತಿಳಿಯಬೇಕು, ಇಲ್ಲ ಅಂದರೆ ನಾಳೆ ಮತ್ತೆ ಅವನೇ ಬಂದು ಅದನ್ನೇ ಮಾಡುತ್ತಾನೆ. ಹಳೆಯದು 12 ವೋಲ್ಟಿನ ನಾಲ್ಕು ಲೆಡ್ ಬ್ಯಾಟರಿ. ಒಂದಕ್ಕೆ 14.4 ತನಕ ಏರಿಸಬೇಕು, ಒಟ್ಟು 57.6 ವೋಲ್ಟ್. ನಿಮ್ಮ ಕಂಟ್ರೋಲರ್ ಅದಕ್ಕೇ ಹೊಂದಿಸಿದ್ದು. ಹೊಸ ಪ್ಯಾಕಿನಲ್ಲಿ 13 ಸೆಲ್ ಸಾಲಾಗಿವೆ. ಈ 48 ವೋಲ್ಟಿನ 13ಎಸ್ ಜಾತಿಯಲ್ಲಿ ಒಂದು ಸೆಲ್ 4.2 ವೋಲ್ಟ್ ದಾಟಬಾರದು. 13 ಸಲ 4.2 ಅಂದರೆ 54.6. ಕಂಟ್ರೋಲರ್ ತಳ್ಳುತ್ತಿರುವುದು 57.6, ಅಂದರೆ ಸೆಲ್ಲಿಗೆ 4.43. ಎರಡಕ್ಕೂ 48 ವೋಲ್ಟ್ ಅಂತಲೇ ಹೆಸರು, ಅಲ್ಲೇ ಮೋಸ ಹೋಗುವುದು. ದಿನಾ ಮಧ್ಯಾಹ್ನ ಚಾರ್ಜ್ ನಿಲ್ಲುತ್ತಿತ್ತು ಅಂದಿರಲ್ಲ, ಅದು ಕೆಟ್ಟಿರಲಿಲ್ಲ. ಬಿಎಂಎಸ್ ಅಂದರೆ ಸೆಲ್ ಮಿತಿ ದಾಟಿದರೆ ಚಾರ್ಜ್ ನಿಲ್ಲಿಸುವ ಕಾವಲು ಬೋರ್ಡ್, ಅದು ನಿಮ್ಮ ಮನೆ ಕಾಯುತ್ತಿತ್ತು. ಅದರ ಬಾಯಿ ಮುಚ್ಚಿಸಿದ್ದಾರೆ. ಈಗ ಸೆಲ್ ಒಳಗೆ ಗ್ಯಾಸ್ ಆಗುತ್ತಿದೆ, ಅದಕ್ಕೇ ಉಬ್ಬಿದೆ. ಚಾರ್ಜ್ ಚೆನ್ನಾಗಿ ನಿಲ್ಲುತ್ತದೆ ಅಂತ ಖುಷಿ ಪಡಬೇಡಿ.

ಈಗ ಮಾಡಬೇಕಾದದ್ದು. ಬುಸ್ ಅನ್ನುವ ಸದ್ದು, ಹೊಗೆ, ಸಿಹಿ ಸಿಹಿ ಕೆಮಿಕಲ್ ವಾಸನೆ ಇದ್ದರೆ ಗಾಡಿ ಮುಟ್ಟಲೇಬೇಡಿ. ಎಲ್ಲರೂ ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಅಂಥದ್ದೇನೂ ಇಲ್ಲದಿದ್ದರೆ ಇಬ್ಬರು ಕೈಯಿಂದ ತಳ್ಳಿ ಹೊರಗೆ ತನ್ನಿ. ಕೀ ಹಾಕಿ ಓಡಿಸಬೇಡಿ. ಗೋಡೆಯಿಂದ, ಬೇರೆ ಗಾಡಿಯಿಂದ ದೂರ, ನೆರಳಲ್ಲಿ. ಹೊರಗೆ ತರುವ ಮುಂಚೆಯೇ ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಹೊದಿಸಿ ಕಟ್ಟಿ. ಪ್ಯಾನೆಲ್‌ಗೆ ಆಫ್ ಬಟನ್ ಇಲ್ಲ, ಬೆಳಕು ಬಿದ್ದರೆ ಅದು ಕರೆಂಟ್ ಕೊಟ್ಟೇ ಕೊಡುತ್ತದೆ. ಬಿಸಿಲಲ್ಲಿ ವೈರ್ ಎಳೆದರೆ ಕಿಡಿ ಹಾರುತ್ತದೆ. ಹೊದಿಸಿದ ಮೇಲೆ ಪ್ಯಾನೆಲ್ ವೈರಿನ ಕನೆಕ್ಟರ್ ಬಿಚ್ಚಿ. ಮನೆ ಚಾರ್ಜರ್ ಕೂಡ ಹಾಕಬೇಡಿ. ಡಬ್ಬಿ ತೆಗೆಯಬೇಡಿ, ಚುಚ್ಚಬೇಡಿ. ಗೋಣಿ ಚೀಲ ತೆಗೆದು ಎಸೆಯಿರಿ. ಹೊರಗೆ ತಂಪು, ಒಳಗೆ ಕುದಿ. ನೀರು ಕನೆಕ್ಟರ್‌ಗೆ ಇಳಿದರೆ ಅದು ಇನ್ನೊಂದು ಶಾರ್ಟ್. ಆ ಚೀಲದ ಸಲಹೆ ಈ ಗ್ರೂಪಿನಲ್ಲಿ ಹಾಕಿದವರು ಯಾರು ಅಂತ ನನಗೆ ಗೊತ್ತಿದೆ.

ಮಗ್ಗದ ಕೋಣೆ ಅಂದರೆ ನೂಲು ಇರುತ್ತದೆ. ದಯವಿಟ್ಟು ಈಗಲೇ ಏಳಿ.

ಬೆಟಗೇರಿ ಆಟೋ ಅಣ್ಣ: ಮೇಡಂ, ಸಾಲದ ಕಂತು ಇದೆ. ಇವತ್ತು ಸಂಜೆ ನಾಲ್ಕು ಟ್ರಿಪ್ ಹೊಡೆದು ನಾಳೆ ತೋರಿಸಲಾ? ಚಾರ್ಜ್ ಅರ್ಧಕ್ಕೆ ಇಳಿದರೆ ಅಪಾಯ ಇರಲ್ಲ ಅಂತಾರೆ.

ಬ್ಯಾಟರಿ ಮೇಡಂ: ಬೇಡ. ಉಬ್ಬಿದ ಪ್ಯಾಕ್ ಮೇಲೆ ನಾಲ್ಕು ಜನರನ್ನು ಕೂರಿಸುತ್ತೀರಾ?

ನಿವೃತ್ತ ಮಾಸ್ತರು, ಧಾರವಾಡ: ಚೀಲದ ಫಾರ್ವರ್ಡ್ ನಂದೇ. ಯಾರಿಗೂ ಕೆಟ್ಟದ್ದು ಬಯಸಿಲ್ಲ. ಇನ್ನೊಂದಿದೆ, ಹಳೇ ಬ್ಯಾಟರಿಗೆ ಪಟಿಕದ ನೀರು ಹಾಕಿದರೆ ಹೊಸದಾಗುತ್ತದೆಯಂತೆ. ಅವರಿಗೆ ಲೆಡ್ ಬ್ಯಾಟರಿ ವಾಪಸ್ ಹಾಕಿಕೊಳ್ಳಲು ಹೇಳಿ.

ಬ್ಯಾಟರಿ ಮೇಡಂ: ಸರ್, ಸಾಕು ಮಾಡಿ. ಲೆಡ್ ಬ್ಯಾಟರಿಗೆ ಮೇಲಿಂದ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಪಟಿಕ ಬೇಡ, ಉಪ್ಪು ಬೇಡ, ಪ್ಯಾನೆಲ್‌ಗೆ ಕೊಬ್ಬರಿ ಎಣ್ಣೆ ಬೇಡ. ಎಣ್ಣೆಗೆ ಧೂಳು ಅಂಟುತ್ತದೆ. ಕೊನೆಯದು ನೀವಿನ್ನೂ ಹಾಕಿಲ್ಲ, ಮೊದಲೇ ಹೇಳಿಬಿಟ್ಟೆ.

ಬ್ಯಾಡಗಿಯಿಂದ ಒಬ್ಬರು: ಮೇಡಂ, ನಮ್ಮ ಕಡೆ ಲಿಥಿಯಂ ರಿಪೇರಿ ಮಾಡುವವರು ಯಾರಿದ್ದಾರೆ?

ಗದಗದ ವ್ಯಾಪಾರಿ: ಸೋಲಾರ್ ರೈಲೇ ಓಡುತ್ತದೆ ಅಂತ ಪೇಪರಲ್ಲಿ ಬಂದಿತ್ತು. ಈ ಮೇಡಂ ಮಾತ್ರ ಎಲ್ಲಕ್ಕೂ ಆಗಲ್ಲ ಅಂತಾರೆ.

ಮುಂಡರಗಿ ಹುಡುಗ: ಈಗ ತಾನೇ ಎಲ್ಲ ಕಲ್ಲಿದ್ದಲು ಅಂದವರು ನೀವೇ.

ಬ್ಯಾಟರಿ ಮೇಡಂ: 2017ರಲ್ಲಿ ದೆಹಲಿಯಲ್ಲಿ ಬಿಟ್ಟ ಆ ರೈಲನ್ನು ಎಳೆಯುವುದು ಡೀಸೆಲ್. ಬೋಗಿ ಮೇಲೆ 300 ವ್ಯಾಟಿನ 16 ಪ್ಯಾನೆಲ್. ಅವು ನಡೆಸುವುದು ದೀಪ, ಫ್ಯಾನ್. ನಿಜವಾಗಿ ಬಿಸಿಲಲ್ಲಿ ಓಡುವುದು ಬೇಕಾದರೆ ಕೇರಳದ ವೈಕಂನಲ್ಲಿ ಅದೇ ವರ್ಷ ಶುರುವಾದ ಆದಿತ್ಯ ದೋಣಿ ನೋಡಿ ಬನ್ನಿ. 75 ಜನ ಹಿಡಿಸುತ್ತದೆ, 20 ಕಿಲೋವ್ಯಾಟ್ ಪ್ಯಾನೆಲ್. ದೋಣಿಗೆ ಅಗಲ ಚಾವಣಿ ಇದೆ, ಮೆಲ್ಲಗೆ ಹೋದರೆ ನಡೆಯುತ್ತದೆ. ಬಿಸಿಲಿಗೆ ಬೇಕಾದದ್ದು ಜಾಗ ಮತ್ತು ಪುರುಸೊತ್ತು. ನಮ್ಮ ಆಟೋಗಳಿಗೆ ಎರಡೂ ಇಲ್ಲ.

ವಿದ್ಯಾನಗರದ ಕಾರು ಪ್ರಿಯ: ಹಾಗಾದರೆ ಸೋಲಾರ್ ಕಾರು ಬರೋದೇ ಇಲ್ವಾ?

ಬ್ಯಾಟರಿ ಮೇಡಂ: ಬಂದಿತ್ತು. ನೆದರ್‌ಲ್ಯಾಂಡ್ಸ್‌ನ ಲೈಟ್‌ಇಯರ್ 0. ಮೈ ಮೇಲೆ 5 ಚದರ ಮೀಟರ್ ಸೆಲ್, ಒಳ್ಳೆ ಬಿಸಿಲಿಗೆ ದಿನಕ್ಕೆ 70 ಕಿಲೋಮೀಟರ್ ಅಂದರು. ಬೆಲೆ ಎರಡೂವರೆ ಲಕ್ಷ ಯೂರೋ. 2022ರ ಕೊನೆಗೆ ತಯಾರಿಕೆ ಶುರು, 2023ರ ಜನವರಿಯಲ್ಲೇ ನಿಂತಿತು. ಜರ್ಮನಿಯವರು ಸಿಯಾನ್ ಅನ್ನುವ ಸೋಲಾರ್ ಕಾರನ್ನು ಮರುತಿಂಗಳೇ ಕೈಬಿಟ್ಟರು. 2025ರಲ್ಲಿ ಪುಣೆಯ ವೇವ್ ಕಂಪನಿ ಇವಾ ಅನ್ನುವ ಪುಟ್ಟ ಕಾರು ತೋರಿಸಿತು. ಚಾವಣಿಯಿಂದ ವರ್ಷಕ್ಕೆ 3000 ಕಿಲೋಮೀಟರ್ ಸಿಗಬಹುದು ಅನ್ನುವುದು ಅವರ ಲೆಕ್ಕ. ದಿನಕ್ಕೆ ಎಂಟು. ಉಳಿದದ್ದಕ್ಕೆ ಪ್ಲಗ್ಗೇ ಗತಿ. ಅದು ಪ್ರಾಮಾಣಿಕ ಮಾತು, ನನಗೆ ಇಷ್ಟ ಆಯಿತು.

ಸಾವಿರ ಪ್ರಶ್ನೆಯ ಗೆಳೆಯ, ಹುಬ್ಬಳ್ಳಿ: ಮೇಡಂ, ಸ್ಕೂಟರ್ ಮೇಲೆ ಪ್ಯಾನೆಲ್ ಹಾಕಿದರೆ ಎಷ್ಟು ಓಡುತ್ತದೆ?

ಬ್ಯಾಟರಿ ಮೇಡಂ: ಮೊದಲ ಉತ್ತರ.

ಗದಗದ ವ್ಯಾಪಾರಿ: ಹೀಗೆ ಸಿಡಿಮಿಡಿ ಮಾಡುವುದಾದರೆ ಪ್ರಶ್ನೋತ್ತರ ಯಾಕೆ ಇಡಬೇಕು?

ಗ್ರೂಪ್ ಅಡ್ಮಿನ್: ಕಾಕಾ, ಇನ್ನೊಂದು ಮೆಸೇಜ್ ಹಾಕಿದರೆ ತೆಗೆದುಹಾಕುತ್ತೇನೆ. ಹುಡುಗ, ನಿನಗೂ ಅದೇ.

ಬ್ಯಾಟರಿ ಮೇಡಂ: ಬೆಟಗೇರಿ ಅಣ್ಣ ಎಲ್ಲಿ? ಅರ್ಧ ತಾಸಾಯಿತು. ಗದಗದವರು ಯಾರಾದರೂ ಅವರ ಮನೆ ಕಡೆ ಹೋಗಬಹುದಾ?

ಬೆಟಗೇರಿ ಆಟೋ ಅಣ್ಣ: ಇಲ್ಲೇ ಇದ್ದೇನೆ ಮೇಡಂ. ತಮ್ಮ, ನಾನು ಸೇರಿ ತಳ್ಳಿದೆವು. ಬಯಲಲ್ಲಿ ಬೇವಿನ ಮರದ ನೆರಳಿಗೆ ನಿಲ್ಲಿಸಿದ್ದೇವೆ, ಮನೆಯಿಂದ ನಲವತ್ತು ಹೆಜ್ಜೆ. ಪ್ಯಾನೆಲ್ ಮೇಲೆ ಮನೆಯವಳು ಕೌದಿ ಹೊದಿಸಿದ್ದಾಳೆ. ವೈರ್ ಬಿಚ್ಚಿದೆ. ಪಕ್ಕದ ಹುಡುಗ ಹೊರಗಿನ ಪ್ಲಗ್ಗಿಗೆ ಮೀಟರ್ ಇಟ್ಟು ನೋಡಿದ, 55.8 ತೋರಿಸುತ್ತಿದೆ.

ಬ್ಯಾಟರಿ ಮೇಡಂ: ವೈರ್ ಬಿಚ್ಚಿದ ಮೇಲೂ ಸೆಲ್ಲಿಗೆ 4.29. ಮತ್ತೆ ಮೀಟರ್ ಹಚ್ಚಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಗಾಡಿ ಹುಬ್ಬಳ್ಳಿಗೆ ತರಬೇಡಿ, ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ. ಪ್ಯಾನೆಲ್ ಏನೂ ಕೆಟ್ಟಿಲ್ಲ, ಅದನ್ನು ಇಟ್ಟುಕೊಳ್ಳಿ. ಸರಿಯಾದ ಪ್ಯಾಕಿಗೆ ಕಂಟ್ರೋಲರ್ 54.6ಕ್ಕೆ ಹೊಂದಿಸಿ, ಬಿಎಂಎಸ್ ಮೂಲಕ ಕೊಟ್ಟರೆ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಅದು ದುಡಿದುಕೊಡುತ್ತದೆ. ಕಂತಿನ ಮಾತು ನಾಳೆ ಕೂತು ಮಾತಾಡೋಣ.

ನಿವೃತ್ತ ಮಾಸ್ತರು, ಧಾರವಾಡ: ಪ್ಯಾನೆಲ್‌ಗೆ ಕೌದಿ ಯಾಕೆ ಅಂತ ತಿಳಿಯಲಿಲ್ಲ. ಅದಕ್ಕೆ ಚಳಿಯಾ?

ಬ್ಯಾಟರಿ ಮೇಡಂ: ಮೇಲೆ ಓದಿ ಸರ್.