ಸ್ಪೀಕರ್ ಇಲ್ಲದ ಕಡೆಯಿಂದ ಕೇಳುವ ದನಿಗೆ ಏನನ್ನೋಣ?

ಗೆಳೆಯರೇ,

ಒಂದೇ ಕೋಣೆಯಲ್ಲಿ ಸ್ಟೀರಿಯೋ ಮಿಕ್ಸಿಂಗೂ ಆಗಬೇಕು, 5.1 ಸರೌಂಡ್ (ಕೇಳುವವರ ಸುತ್ತ ಐದು ಸ್ಪೀಕರ್, ತಗ್ಗು ಸದ್ದಿಗೆ ಇನ್ನೊಂದು) ಮಿಕ್ಸಿಂಗೂ ಆಗಬೇಕು. ಅಂಥ ಕೋಣೆ ಕಟ್ಟುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ, ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುತ್ತಿದ್ದೇನೆ. ಮಿಕ್ಸ್, ಸ್ಪೀಕರ್, ಸರೌಂಡ್ ಇವುಗಳ ತಂಟೆಗೆ ಹೋಗಿಲ್ಲ, ಎಲ್ಲರೂ ಆಡುವ ಮಾತೇ ಅವು. ಸ್ಟೀರಿಯೋವನ್ನೂ ಹಾಗೇ ಬಿಟ್ಟೆ. ಅದರ ಗ್ರೀಕ್ ಮೂಲಕ್ಕೆ 'ಗಟ್ಟಿ, ಘನ' ಅನ್ನುವ ಅರ್ಥ. 'ಎರಡು' ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ, 'ಇಬ್ಬದಿ ಸದ್ದು' ಅಂತ ಕಟ್ಟಲು ಹೊರಟವರು ಗಮನಿಸಿ. ನಾನು ಸಿಕ್ಕಿಹಾಕಿಕೊಂಡಿರುವುದು ಫ್ಯಾಂಟಮ್ ಸೆಂಟರ್ ಹತ್ತಿರ, ಅಂದರೆ ಸ್ಪೀಕರ್ ಇಲ್ಲದ ನಡುವಿನಿಂದ ದನಿ ಬಂದ ಹಾಗೆ ಕೇಳುವುದು.

ಸ್ಟೀರಿಯೋದಲ್ಲಿ ಎರಡೇ ಸ್ಪೀಕರ್. ಕೇಳುವವರ ನೇರದಿಂದ 30 ಡಿಗ್ರಿ ಎಡಕ್ಕೊಂದು, 30 ಡಿಗ್ರಿ ಬಲಕ್ಕೊಂದು. ಎರಡರಿಂದಲೂ ಒಂದೇ ದನಿಯನ್ನು ಒಂದೇ ಮಟ್ಟದಲ್ಲಿ ಬಿಟ್ಟರೆ, ಹಾಡುವವರು ನಟ್ಟನಡುವೆ ನಿಂತ ಹಾಗೆ ಕೇಳುತ್ತದೆ. ಅಲ್ಲಿ ನೋಡಿದರೆ ಸ್ಪೀಕರೇ ಇಲ್ಲ! ತಲೆ ಸ್ವಲ್ಪ ಎಡಕ್ಕೆ ಸರಿದರೆ ದನಿಯೂ ಎಡಕ್ಕೆ ಜಾರುತ್ತದೆ. ಸರೌಂಡಿನಲ್ಲಿ ಅದೇ ದಿಕ್ಕಿನಲ್ಲಿ ನಿಜವಾದ ಸ್ಪೀಕರ್ ಕೂತಿರುತ್ತದೆ. ನೀವು ಎಲ್ಲಿ ಸರಿದರೂ ದನಿ ಅಲ್ಲೇ. ಇವೆರಡರ ದನಿಯ ಬಣ್ಣವೂ ಬೇರೆ. ಜೋಡಿ ಸ್ಪೀಕರಿನಲ್ಲಿ ಒಂದೊಂದು ಕಿವಿಗೂ ಎರಡೆರಡು ಸ್ಪೀಕರಿನ ಸದ್ದು ತುಸು ಹಿಂದುಮುಂದಾಗಿ ಬಂದು ಮುಟ್ಟುತ್ತದೆ, 2 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಒಂದನ್ನೊಂದು ತಿಂದುಹಾಕುತ್ತದೆ. ನನ್ನ ಕೈಪಿಡಿಯಲ್ಲಿ ಈ ಎರಡು 'ನಡು'ಗಳು ಮತ್ತೆ ಮತ್ತೆ ಬರುತ್ತವೆ. ಬೇರೆ ಬೇರೆ ಹೆಸರು ಬೇಕೇ ಬೇಕು.

ಫ್ಯಾಂಟಮ್ ಅಂದರೆ ಭೂತ ಅಂತ ಮೊದಲ ಕರಡಿನಲ್ಲಿ 'ಭೂತಕೇಂದ್ರ' ಅಂತ ಬರೆದಿದ್ದೆ. ಓದಿದವರು ನಕ್ಕುಬಿಟ್ಟರು. ಭೂತ ಅಂದರೆ ದೆವ್ವ, ಕಳೆದ ಕಾಲ, ಪಂಚಭೂತಗಳಲ್ಲಿ ಒಂದು. ಭೂತಗನ್ನಡಿಗೆ ಬಂದರೆ ದೊಡ್ಡದು ಮಾಡಿ ತೋರಿಸುವುದು. ಸಾಲದ್ದಕ್ಕೆ ಮೈಕಿಗೆ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಬೇರೆ ಇದೆ, ಅದನ್ನು ಭೂತವಿದ್ಯುತ್ ಅನ್ನಬೇಕಾಗುತ್ತದೆ.

'ಹುಸಿ ನಡು' ಚಿಕ್ಕದಾಗಿ ಚೆನ್ನಾಗಿದೆ. ಹುಸಿನಗೆ, ಹುಸಿಮುನಿಸು ಇದ್ದ ಹಾಗೆ. ಆದರೆ ಹುಸಿಯಲ್ಲಿ ಬೇಕಂತಲೇ ನಟಿಸುವ ಗುಣ ಇದೆ, ಅಲ್ವಾ? ಇಲ್ಲಿ ಯಾರೂ ನಟಿಸುತ್ತಿಲ್ಲ, ಸ್ಟೀರಿಯೋ ಕೆಲಸ ಮಾಡುವುದೇ ಹೀಗೆ. ಒಂದು ಪಕ್ಕದ ಗೋಡೆಯಲ್ಲಿ ಗಾಜು, ಇನ್ನೊಂದರಲ್ಲಿ ದಪ್ಪ ಪರದೆ ಇದ್ದರೆ ಈ ನಡು ಒಂದು ಕಡೆಗೆ ವಾಲುತ್ತದೆ. ಆಗ 'ಹುಸಿ ನಡುವನ್ನು ಸರಿಪಡಿಸಿ' ಅಂತ ಬರೆದರೆ, ಹುಸಿಯನ್ನೇಕೆ ಸರಿಪಡಿಸಬೇಕು ಅನ್ನಿಸುತ್ತದೆ. 'ತೋರಿಕೆಯ ನಡು'ವಿಗೂ ಅದೇ ಕಾಟ, ತೋರಿಕೆಯ ಭಕ್ತಿ ನೆನಪಾಗುತ್ತದೆ. ಶಾಲೆಯ ವಿಜ್ಞಾನದ ಮಿಥ್ಯ ಪ್ರತಿಬಿಂಬ ಅರ್ಥಕ್ಕೆ ತೀರಾ ಹತ್ತಿರ. ಆದರೆ ಅದು ಕಣ್ಣಿಗೆ ಅಂಟಿಕೊಂಡ ಪದ.

ಕೊನೆಗೆ ಒಪ್ಪಿಗೆಯಾಗಿದ್ದು 'ಮೂಡು'. ಬಿಂಬ ಮೂಡುತ್ತದೆ, ಚಿತ್ರ ಮೂಡುತ್ತದೆ, ದನಿಯೂ ನಡುವೆ ಮೂಡಲಿ. ಸದ್ಯಕ್ಕೆ 'ನಡುವೆ ಮೂಡುವ ದನಿ', 'ನಡು ಸ್ಪೀಕರಿನ ದನಿ' ಅಂತ ಬರೆದು ಸಾಗುತ್ತಿದ್ದೇನೆ. ಓದಲು ಸಲೀಸು. ನಕ್ಷೆಯ ಮೇಲೆ ಬರೆಯಲು ಮಾತ್ರ ಉದ್ದವಾಯಿತು. 'ಮೂಡುನಡು' ಅಂತ ಕತ್ತರಿಸಿದರೆ ಪೂರ್ವ ದಿಕ್ಕಿಗೆ ಹೋಗಿಬಿಡುತ್ತದೆ.

'ನಡು ಸ್ಪೀಕರ್' ಅನ್ನುವುದರಲ್ಲೂ ಒಂದು ಕೊಕ್ಕೆ ಇದೆ. ನಡು ಅಂದ ಕೂಡಲೇ ಎಡಬಲದವುಗಳ ಸಾಲಿನಲ್ಲೇ ನೇರವಾಗಿ ಇಡುತ್ತಾರೆ. ಅವು 2 ಮೀಟರ್ ದೂರದಲ್ಲಿದ್ದರೆ ಇದು ಕೇಳುವವರಿಗೆ ಸುಮಾರು 27 ಸೆಂಟಿಮೀಟರ್ ಹತ್ತಿರ ಬಂದುಬಿಡುತ್ತದೆ. ಬಿಲ್ಲಿನ ಬಾಗಿನ ಮೇಲೆ ಎಲ್ಲವೂ ಒಂದೇ ದೂರದಲ್ಲಿ ಕೂರಬೇಕು. ಹಿಂದಿನ ಸ್ಪೀಕರುಗಳು ಕೂಡ, ಕೇಳುವವರ ನೇರದಿಂದ ಎಡಕ್ಕೂ ಬಲಕ್ಕೂ 100ರಿಂದ 120 ಡಿಗ್ರಿಯೊಳಗೆ.

ಸ್ವೀಟ್ ಸ್ಪಾಟಿಗೆ, ಅಂದರೆ ಕೂತು ಕೇಳಲು ಎಲ್ಲಕ್ಕಿಂತ ಸರಿಯಾದ ಜಾಗಕ್ಕೆ, 'ಹದದ ಜಾಗ' ಅಂತ ಇಟ್ಟಿದ್ದೇನೆ. ಬೇಡ ಅನ್ನುವವರು ಹೇಳಿ.

ಇನ್ನೊಂದು ಪ್ರಶ್ನೆ. 'ಎದುರು ಗೋಡೆ' ಅಂದರೆ ನಿಮಗೆ ಯಾವುದು? ಸ್ಟೀರಿಯೋ ಕೋಣೆಯಲ್ಲಿ ಗೊಂದಲ ಇರಲಿಲ್ಲ. ಕೂತವರು ಮುಖ ಮಾಡಿದ್ದು ಎದುರು ಗೋಡೆ. ಸರೌಂಡಿನಲ್ಲಿ ಹಿಂದಿನ ಸ್ಪೀಕರಿನ ಸದ್ದು ಹೋಗಿ ಬಡಿಯುವುದೂ ಅದೇ ಗೋಡೆಗೆ. ಮುಂದಿನ ಸ್ಪೀಕರಿಗೆ ಎದುರು ಗೋಡೆ ಅಂದರೆ ನಮ್ಮ ಬೆನ್ನ ಹಿಂದಿನದು. 'ಎದುರು ಗೋಡೆಗೆ ಸದ್ದು ಹೀರುವ ಹಲಗೆ ಹಾಕಿ' ಅಂತ ಬರೆದಿದ್ದನ್ನು ಇಬ್ಬರು ಓದಿ, ಒಬ್ಬೊಬ್ಬರು ಒಂದೊಂದು ಗೋಡೆ ತೋರಿಸಿದರು. 'ಮುಂಗೋಡೆ', 'ಹಿಂಗೋಡೆ' ಅಂದರೆ ಮನೆಯ ಹೊರಗಿನ ಗೋಡೆ ಅನ್ನಿಸುತ್ತದೆಯೇ?