ಸಹಾಯ ಬೇಕು: ಫೋಟಾನ್–ನ್ಯೂಟ್ರಿನೊ ತಾಪಮಾನದ ಅನುಪಾತ 1.401ಕ್ಕೆ ಬಂದು ನಿಲ್ಲುತ್ತಿಲ್ಲ

ಆದಿ ವಿಶ್ವದಲ್ಲಿ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳು ನಶಿಸುವ ಹಂತದ ಲೆಕ್ಕ ಇದು, ಪೈಥಾನ್‌ನಲ್ಲಿ. ಫೋಟಾನ್ ತಾಪಮಾನ 10 ಎಂಇವಿಯಿಂದ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನದಲ್ಲಿ ಹೇಳಿದ ತಾಪಮಾನ) 0.01 ಎಂಇವಿವರೆಗೆ. ನ್ಯೂಟ್ರಿನೊಗಳು ಮೊದಲೇ ಉಳಿದ ಕಣಗಳಿಂದ ಪೂರ್ತಿ ಬೇರ್ಪಟ್ಟಿವೆ ಎಂದಿಟ್ಟುಕೊಂಡಿದ್ದೇನೆ.

ಎಂಟ್ರೊಪಿ ಸಂರಕ್ಷಣೆಯಿಂದ ಹೊರಟರೆ 11/4ರ ಘನಮೂಲ, ಅಂದರೆ 1.401, ಸರಿಯಾಗಿ ಸಿಗುತ್ತದೆ. ಶಕ್ತಿ ಸಂರಕ್ಷಣೆಯ ಸಮೀಕರಣವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿದರೆ ಮಾತ್ರ 1.38. (1.288 ಬಂದಿದ್ದರೆ ಒತ್ತಡವನ್ನು ಉದ್ದಕ್ಕೂ ಶಕ್ತಿ ಸಾಂದ್ರತೆಯ ಮೂರನೇ ಒಂದು ಎಂದು ಹಿಡಿದಂತಾಗುತ್ತಿತ್ತು. ಇದು ಅದಲ್ಲ.)

ಅನುಮಾನ ಎರಡು ಕಡೆ. ಶಕ್ತಿ ಸಾಂದ್ರತೆಯ ತಾಪಮಾನ ವ್ಯುತ್ಪನ್ನವನ್ನು ವ್ಯತ್ಯಾಸ ಸೂತ್ರದಿಂದ ತೆಗೆದಿದ್ದೇನೆ, 0.5ರಿಂದ 0.05 ಎಂಇವಿ ನಡುವೆ ಅದು ಅಲುಗಾಡುತ್ತದೆ. ಆ ಸಾಂದ್ರತೆ ಕೊಡುವ ಅನುಕಲನದ ಚರ ಶಕ್ತಿಯಾದ್ದರಿಂದ ಕೆಳಮಿತಿಯಲ್ಲಿ ವರ್ಗಮೂಲ ಬರುತ್ತದೆ, 20 ಬಿಂದುಗಳ ಗಾಸ್–ಲಾಗೆರ್ (ಸಂಖ್ಯಾತ್ಮಕ ಅನುಕಲನದ ವಿಧಾನ) ಅಲ್ಲಿ ಸೋಲುತ್ತಿರಬಹುದು. ಚರವನ್ನು ಸಂವೇಗಕ್ಕೆ ಬದಲಿಸಿದರೆ ಸಾಕೇ, ಅಥವಾ ವ್ಯುತ್ಪನ್ನವನ್ನೂ ಅನುಕಲನದ ಒಳಗೇ ತೆಗೆದುಕೊಳ್ಳಬೇಕೇ?